ದೌಹೃದವೂ ಗರ್ಭಿಣೀಛರ್ದಿಯೂ

ಗರ್ಭಿಣಿಯರಿಗೆ ಮೊದಲ ತಿಂಗಳುಗಳಲ್ಲಿ ಉಂಟಾಗುವ ಓಕರಿಕೆ, ವಾಂತಿ, ಅನ್ನದ್ವೇಷ ಮುಂತಾದವುಗಳನ್ನು ಕನ್ನಡದಲ್ಲಿ ಬಯಕೆ ಸಂಕಟವೆಂದು ಕರೆಯುವುದುಂಟು. ಬಯಸುವುದೆಂದರೆ ಬೇಕೆನ್ನುವುದು, ಓಕರಿಸುವುದೆಂದರೆ ಬೇಡವೆನ್ನುವುದು. ಪರಸ್ಪರ ವಿರುದ್ಧವಾದ ಈ ಎರಡು ಅವಸ್ಥೆಗಳನ್ನು ನಮ್ಮ ಮನೆಮಾತು ಒಂದೇ ಹೆಸರಿನಲ್ಲಿ ಬಂಧಿಸಿರುವುದು ಆಕಸ್ಮಿಕವೆಂದು ತೋರುವುದಿಲ್ಲ. ಸಂಸ್ಕೃತ ವೈದ್ಯಗ್ರಂಥಗಳಲ್ಲಿಯೂ ಇವೆರಡು ಜೊತೆಯಾಗಿಯೇ ಕಾಣಬರುತ್ತವೆ. ಕಾವ್ಯಗಳಲ್ಲಿಯಾದರೋ ಬಯಕೆ ಉಳಿದು ಸಂಕಟವು ಬಹುಮಟ್ಟಿಗೆ ಮರೆಯಾಗಿದೆ. ದೋಹದವೆಂದೊಡನೆ ಸುಂದರಿಯ ಪಾದತಾಡನದಿಂದ ಹೂಬಿಡುವ ಅಶೋಕವೃಕ್ಷವು ಸಾಹಿತ್ಯದ ಅಧ್ಯಾಪಕರ ನೆನಪಿಗೆ ಬರುವುದೇ ಹೊರತು, ಉಂಡ ಅನ್ನವು ಒಡಲಲ್ಲಿ ನಿಲ್ಲದೆ ಬಳಲುವ ಹೆಂಗಸು ನೆನಪಿಗೆ ಬರುವುದಿಲ್ಲ.

ಸುಶ್ರುತಸಂಹಿತೆಯ ಶಾರೀರಸ್ಥಾನದ ಮೂರನೆಯ ಅಧ್ಯಾಯದಲ್ಲಿ ಗರ್ಭಿಣಿಯ ಲಕ್ಷಣಗಳನ್ನು ಹೇಳುವಾಗ ಇಚ್ಛೆಯಿಲ್ಲದೆಯೇ ವಾಂತಿಯಾಗುವುದು, ಸುಗಂಧವನ್ನು ಕೂಡ ಸಹಿಸಲಾರದಿರುವುದು, ಬಾಯಲ್ಲಿ ನೀರೂರುವುದು, ಮೈ ಸೋಲುವುದು ಎಂಬ ನಾಲ್ಕನ್ನು ಎಣಿಸಿದೆ. ಇವುಗಳಲ್ಲಿ ಎರಡನೆಯದು ಗಮನಾರ್ಹವಾದುದು. ದುರ್ಗಂಧಕ್ಕೆ ಹೇಸುವುದು ಎಲ್ಲರಿಗೂ ಸಹಜ. ಒಳ್ಳೆಯ ವಾಸನೆಗೂ ಹೇಸುವುದು ಗರ್ಭಿಣಿಯ ವಿಶೇಷ. ಒಗ್ಗರಣೆಯ ಘಮಲಿಗೆ ಅಡಿಗೆಯ ಮನೆಯಿಂದ ಎದ್ದು ಹೋಗುವ ಸೊಸೆಯನ್ನು ಕಂಡವರೇ ಈ ಲಕ್ಷಣವನ್ನು ಬರೆದಿರಬೇಕು. ಚರಕಸಂಹಿತೆಯ ಶಾರೀರಸ್ಥಾನದ ನಾಲ್ಕನೆಯ ಅಧ್ಯಾಯದ ಪಟ್ಟಿಯು ಇನ್ನೂ ದೀರ್ಘವಾದುದು. ಅಲ್ಲಿ ಛರ್ದಿ, ಅರೋಚಕ, ಅನ್ನದಲ್ಲಿ ಅನಭಿಲಾಷೆ ಇವುಗಳೊಡನೆ ಹುಳಿಯ ಬಯಕೆಯನ್ನೂ ಹೇಳಿದೆ. ಬೇಡವೆಂಬುದೂ ಬೇಕೆಂಬುದೂ ಒಂದೇ ಪಟ್ಟಿಯಲ್ಲಿ ಸೇರಿರುವುದನ್ನು ಇಲ್ಲಿ ನೋಡಬಹುದು.

ಈ ಜೋಡಣೆಯು ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಮತ್ತಷ್ಟು ವಿಶದವಾಗುತ್ತದೆ. ಅದರ ೪೯ನೆಯ ಅಧ್ಯಾಯವು ಛರ್ದಿಯ ವಿಷಯವಾದುದು. ಹೇಸಿಗೆಯ ವಸ್ತುವನ್ನು ಕಂಡು ಆಗುವ ವಾಂತಿ, ಆಮದಿಂದ ಆಗುವುದು, ಒಗ್ಗದ ಆಹಾರದಿಂದ ಆಗುವುದು, ಕ್ರಿಮಿಗಳಿಂದ ಆಗುವುದು ಎಂಬಿವುಗಳ ಸಾಲಿನಲ್ಲಿ ದೌಹೃದದಿಂದ ಆಗುವ ವಾಂತಿಯೂ ಒಂದು. ಅದಕ್ಕೆ ವಿಧಿಸಿರುವ ಚಿಕಿತ್ಸೆಯಾದರೂ ಏನು? ಕಷಾಯವಲ್ಲ, ಲಂಘನವಲ್ಲ, ಆಕೆಯು ಬಯಸಿದ ಹಣ್ಣುಗಳನ್ನು ಕೊಡುವುದು. ಬಯಕೆಯಿಂದ ಹುಟ್ಟಿದ ರೋಗಕ್ಕೆ ಬಯಕೆಯ ಪೂರೈಕೆಯೇ ಮದ್ದೆಂದು ಶಾಸ್ತ್ರಕಾರನ ಮತ.

ದೌಹೃದವೆಂಬ ಶಬ್ದದ ನಿಷ್ಪತ್ತಿಯ ವಿಷಯದಲ್ಲಿ ಎರಡು ಪಕ್ಷಗಳುಂಟು. ವೈದ್ಯಗ್ರಂಥಗಳು ತಾವೇ ಕೊಡುವ ವಿವರಣೆಯಂತೆ ಇದು ಎರಡು ಹೃದಯಗಳ ಅವಸ್ಥೆ. ತಾಯಿಯ ಹೃದಯವೊಂದು, ಗರ್ಭದ ಹೃದಯವೊಂದು. ಗರ್ಭದ ಇಚ್ಛೆಯು ತಾಯಿಯ ಬಾಯಿಂದ ಹೊರಡುತ್ತದೆ. ಸುಶ್ರುತನು ಇದನ್ನು ನಾಲ್ಕನೆಯ ತಿಂಗಳಿಗೆ ಹೇಳಿದರೆ, ಚರಕನು ಮೂರನೆಯ ತಿಂಗಳಿನ ಪ್ರಸ್ತಾವದಲ್ಲಿಯೇ ಹೇಳಿರುವನು. ಎರಡನೆಯ ಪಕ್ಷವು ದೌರ್ಹೃದವೆಂಬ ಪಾಠವನ್ನು ಹಿಡಿದು, ಕೆಟ್ಟ ಹೃದಯದ ಸ್ಥಿತಿ, ಎಂದರೆ ಹೃದಯದ ಅಸ್ವಾಸ್ಥ್ಯವೆಂದು ಅರ್ಥಮಾಡುತ್ತದೆ. ಸಂಸ್ಕೃತ ವೈದ್ಯದಲ್ಲಿ ಓಕರಿಕೆಗೆ ಹೃಲ್ಲಾಸವೆಂದು ಹೆಸರಿರುವುದನ್ನು ಇಲ್ಲಿ ಮರೆಯಬಾರದು. ನಾವು ಹೊಟ್ಟೆ ತೊಳಸುವುದೆಂದು ಹೇಳುವುದನ್ನು ಆ ವೈದ್ಯರು ಹೃದಯಕ್ಕೆ ಸೇರಿಸಿ ಹೇಳಿದರು. ಹೀಗಿರಲು ದೌರ್ಹೃದವೆಂಬ ಹೆಸರಿಗೆ ಮೂಲದಲ್ಲಿ ಓಕರಿಕೆಯೇ ಅರ್ಥವಾಗಿದ್ದು, ಎರಡು ಹೃದಯಗಳ ಕಲ್ಪನೆಯು ಬಳಿಕ ಅದರ ಮೇಲೆ ಬೆಳೆದಿರಬಹುದೆಂಬ ಊಹೆಗೆ ಎಡೆಯುಂಟು. ದೋಹದವೆಂಬ ಪ್ರಾಕೃತಚ್ಛಾಯೆಯ ರೂಪವು ಕವಿಗಳ ಕೈಗೆ ಬರುವ ಹೊತ್ತಿಗೆ ಎರಡು ನಿಷ್ಪತ್ತಿಗಳೂ ಮಸುಕಾಗಿ, ಬರಿಯ ಆಸೆಯೆಂಬ ಅರ್ಥವು ನಿಂತಿತು.

ಆದರೆ ಕಾಳಿದಾಸನನ್ನು ಈ ಆಕ್ಷೇಪಕ್ಕೆ ಗುರಿಮಾಡುವುದು ನ್ಯಾಯವಲ್ಲ. ರಘುವಂಶದ ಮೂರನೆಯ ಸರ್ಗದಲ್ಲಿ ಸುದಕ್ಷಿಣೆಯು ಮಣ್ಣು ತಿನ್ನುವುದನ್ನೂ, ಮಣ್ಣಿನ ಕಂಪುಳ್ಳ ಆಕೆಯ ಮುಖವನ್ನು ದಿಲೀಪನು ರಹಸ್ಯದಲ್ಲಿ ಮೂಸುವುದನ್ನೂ ಎಲ್ಲರೂ ಪಾಠ ಹೇಳುವರು. ಅದೇ ಸರ್ಗದಲ್ಲಿ ಕವಿಯು ದೋಹದವನ್ನು ದುಃಖವೆಂದೂ ವ್ಯಥೆಯೆಂದೂ ಕರೆದು, ಆಕೆಯು ಅದನ್ನು ದಾಟಿದ ಮೇಲೆ ಹಳೆಯ ಎಲೆ ಉದುರಿ ಹೊಸ ಚಿಗುರು ಬಂದ ಬಳ್ಳಿಯಂತೆ ಮೈದುಂಬಿದಳೆಂದು ಹೇಳಿರುವುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಓಕರಿಕೆಯು ಸಾಮಾನ್ಯವಾಗಿ ಆರನೆಯ ವಾರದ ಸುಮಾರಿಗೆ ಮೊದಲಾಗಿ, ಒಂಬತ್ತನೆಯ ವಾರದ ಸುಮಾರಿಗೆ ಉಲ್ಬಣಿಸಿ, ಬಹುಮಂದಿಗೆ ಐದನೆಯ ತಿಂಗಳೊಳಗೆ ಶಮನವಾಗುವುದೆಂದು ಇಂದಿನ ವೈದ್ಯರು ಹೇಳುವರು. ಕವಿಯ ಉಪಮೆಯು ಈ ಕ್ರಮಕ್ಕೆ ಚೆನ್ನಾಗಿ ಹೊಂದುತ್ತದೆ. ಕರಾವಳಿಯಲ್ಲಿ ಸೀಮಂತದ ಸಮಾರಂಭಕ್ಕೆ ಬಯಕೆಯೆಂದೇ ಹೆಸರು. ಅದು ನಡೆಯುವುದು ವಾಂತಿಯೆಲ್ಲ ಅಡಗಿದ ಮೇಲೆ, ಏಳನೆಯ ತಿಂಗಳಿನ ಸುಮಾರಿಗೆ.

ಬಯಕೆಯನ್ನು ಪೂರೈಸದಿದ್ದರೆ ಗರ್ಭಕ್ಕೆ ದೋಷ ಬರುವುದೆಂದು ಯಾಜ್ಞವಲ್ಕ್ಯಸ್ಮೃತಿಯು ಎಚ್ಚರಿಸುತ್ತದೆ. ಸುಶ್ರುತನು ಗೂನು, ಕುಂಟು, ಕುಬ್ಜತೆ, ಕಣ್ಣಿನ ವಿಕಾರ ಮುಂತಾದವುಗಳನ್ನೇ ಹೆಸರಿಸುವನು. ಈ ಮಾತು ಸತ್ಯವಲ್ಲ. ತೀರದ ಆಸೆಯಿಂದ ಅಂಗವೈಕಲ್ಯವುಂಟಾಗುವುದೆಂಬುದಕ್ಕೆ ಯಾವ ಆಧಾರವೂ ಇಲ್ಲ. ಆದರೂ ಆ ಭಯವು ಮಾಡಿದ ಕೆಲಸವೊಂದುಂಟು. ತನಗೆ ಬೇಕಾದುದನ್ನು ಬಾಯಿಬಿಟ್ಟು ಕೇಳುವ ಅಧಿಕಾರವು ಸೊಸೆಗೆ ಬೇರೆ ಕಾಲದಲ್ಲಿ ಇಲ್ಲದಿದ್ದರೂ ಈ ಕಾಲದಲ್ಲಿ ದೊರೆಯಿತು. ಬಯಸಿದ ವಸ್ತು ಅಹಿತವಾದುದಾದರೆ? ಹಾಗಿದ್ದರೂ ಆಸೆಯು ತೀವ್ರವಾಗಿದ್ದಲ್ಲಿ ಹಿತವಾದುದರೊಡನೆ ಬೆರೆಸಿ ಕೊಡಬೇಕೆಂದು ಚರಕನೂ, ಸ್ವಲ್ಪವಾಗಿ ಕೊಡಬೇಕೆಂದು ವಾಗ್ಭಟನೂ ಒಪ್ಪಿರುವರು. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ರೋಮ್ ನಗರದಲ್ಲಿದ್ದ ಗ್ರೀಕ್ ವೈದ್ಯ ಸೊರೇನಸನು ಇದೇ ಪ್ರಶ್ನೆಯನ್ನು ಎತ್ತಿಕೊಂಡು, ಮೊದಲು ಬುದ್ಧಿ ಹೇಳಿ ತಡೆಯಬೇಕು, ಆಕೆ ತೀರ ಕುಗ್ಗಿದರೆ ಕೆಲವು ದಿನಗಳ ಮೇಲೆ ಕೊಡಬೇಕು ಎಂದನು. ಗ್ರೀಕರಲ್ಲಿಯೂ ಈ ಅವಸ್ಥೆಯ ಹೆಸರು ಬಯಕೆ, ಓಕರಿಕೆ ಎರಡನ್ನೂ ಒಳಗೊಂಡಿದೆ. ಅವರ ಕಿಸ್ಸಾ ಎಂಬ ಶಬ್ದಕ್ಕೂ, ಲ್ಯಾಟಿನ್ ಭಾಷೆಯ ಪೈಕಾ ಎಂಬ ಶಬ್ದಕ್ಕೂ ಕಾಗೆಯ ಜಾತಿಯ ಹಕ್ಕಿಯೆಂದು ಇನ್ನೊಂದು ಅರ್ಥ. ಮಣ್ಣು ಮುಂತಾದವನ್ನು ತಿನ್ನುವ ಚಾಳಿಗೆ ಇಂದಿಗೂ ಪೈಕಾ ಎಂದೇ ಹೆಸರು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಯುರೋಪಿನ ವೈದ್ಯರಲ್ಲಿ ಕೆಲವರು ಬೇರೊಂದು ದಾರಿಯನ್ನು ಹಿಡಿದರು. ಕ್ರೂರವಾದ ವಾಂತಿಯು ಚಿತ್ತವಿಕಾರದ ಫಲವೆಂದೂ, ಬಳಿಕ ಗರ್ಭವನ್ನು ಒಳಮನಸ್ಸಿನಲ್ಲಿ ಬೇಡವೆನ್ನುವವಳ ಲಕ್ಷಣವೆಂದೂ ಬಗೆದು, ರೋಗಿಯನ್ನು ಬಂಧುಗಳಿಂದ ಬೇರ್ಪಡಿಸಿ ಇರಿಸುವುದೇ ಚಿಕಿತ್ಸೆಯೆನಿಸಿತು. ಆಕೆಯ ಮಾತನ್ನು ಕೇಳಬೇಕೆಂದ ಹಳಬರ ವಿಧಿಗಿಂತ ಇದು ಹಿಂದಕ್ಕೆ ಹೋದಂತೆಯೇ ಸರಿ. ಆಮೇಲೆ ಬಂದ ಆಪತ್ತು ಇನ್ನೂ ಘೋರವಾದುದು. ೧೯೫೭ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೊಮೈಡ್ ಎಂಬ ನಿದ್ರೆಯ ಮದ್ದನ್ನು ಗರ್ಭಿಣಿಯರ ಓಕರಿಕೆಗೂ ಕೊಟ್ಟರು. ಅದು ಗರ್ಭಕ್ಕೆ ಹಾನಿಮಾಡುವುದು ಬಹುಮಟ್ಟಿಗೆ ಕೈಕಾಲುಗಳು ಮೂಡುವ ಕಾಲದಲ್ಲಿ. ವಾಂತಿಯು ಮೊದಲಾಗಿ ಹೆಂಗಸು ಮದ್ದನ್ನು ಬೇಡುವುದೂ ಅದೇ ಕಾಲದಲ್ಲಿ. ಅನೇಕ ದೇಶಗಳಲ್ಲಿ ೧೦,೦೦೦ಕ್ಕೂ ಹೆಚ್ಚು ಶಿಶುಗಳು ವಿಕಲಾಂಗರಾಗಿ ಹುಟ್ಟಿದವು. ೧೯೬೧ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಅದನ್ನು ಹಿಂತೆಗೆದುಕೊಂಡರು. ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಎಂಬ ಅಧಿಕಾರಿಣಿಯು ಸಾಕ್ಷ್ಯವು ಸಾಲದೆಂದು ಅನುಮತಿಯನ್ನು ತಡೆದುದರಿಂದ ಅಲ್ಲಿಯ ಹಾನಿಯು ಅಲ್ಪವಾಯಿತು. ಸುಶ್ರುತನು ಬಯಕೆಯ ಭಂಗಕ್ಕೆ ಹೊರಿಸಿದ ಅಂಗವೈಕಲ್ಯವು ಈ ಸಲ ಬಂದುದು ಮದ್ದಿನಿಂದ. ಈ ಭೀತಿಯು ನಿರ್ದೋಷಿಗಳನ್ನೂ ಬಿಡಲಿಲ್ಲ: ಡಾಕ್ಸಿಲಮೀನ್ ಮತ್ತು ಬಿ೬ ಜೀವಸತ್ವಗಳು ಕೂಡಿದ ಮದ್ದನ್ನು, ದೋಷವು ಸಿದ್ಧವಾಗದಿದ್ದರೂ, ವ್ಯಾಜ್ಯಗಳ ಕಾರಣ ತಯಾರಕರು ೧೯೮೩ರಲ್ಲಿ ನಿಲ್ಲಿಸಿದರು, ಅಮೆರಿಕದಲ್ಲಿ ಆ ಯೋಗಕ್ಕೆ ಮರಳಿ ಅನುಮತಿ ದೊರೆತುದು ೨೦೧೩ರಲ್ಲಿ.

೨೦೨೩ರ ಡಿಸೆಂಬರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯು ಕಾರಣದ ವಿಚಾರವನ್ನು ಬಹಳ ಮುಂದಕ್ಕೆ ಒಯ್ದಿದೆ. ಜಿ.ಡಿ.ಎಫ್. ೧೫ ಎಂಬ ಪ್ರೋಟೀನು ಗರ್ಭ ಮತ್ತು ಮಾಸುಗಳಿಂದ ತಾಯಿಯ ರಕ್ತಕ್ಕೆ ಸೇರಿ, ಮೆದುಳಿನ ಹಿಂಭಾಗದಲ್ಲಿ ಓಕರಿಕೆಯನ್ನು ಎಬ್ಬಿಸುತ್ತದೆ. ಗರ್ಭಧಾರಣೆಗೆ ಮೊದಲು ಇದು ರಕ್ತದಲ್ಲಿ ಕಡಿಮೆಯಾಗಿದ್ದವರಿಗೆ ಸಂಕಟವು ಹೆಚ್ಚು. ಥಲಸೀಮಿಯಾ ಎಂಬ ರಕ್ತದೋಷವುಳ್ಳವರಲ್ಲಿ ಮೊದಲಿನಿಂದಲೇ ಹೆಚ್ಚಾಗಿರುವುದರಿಂದ ಅವರಿಗೆ ಓಕರಿಕೆಯು ಕಡಿಮೆ. ಎರಡು ಹೃದಯಗಳ ಸಿದ್ಧಾಂತದಲ್ಲಿ ಇದು ಮೊದಲೇ ಅಡಗಿತ್ತೆಂದು ಹೇಳಹೊರಡುವವರು ಇಲ್ಲದಿಲ್ಲ, ಅದು ಅತಿಪ್ರಸಂಗ. ಹಳಬರು ಕಂಡುದು ಲಕ್ಷಣಗಳನ್ನು, ಕಲ್ಪಿಸಿದುದು ಹೃದಯವನ್ನು. ಸಂಕಟಕ್ಕೆ ಕಾರಣವು ಹೆಂಗಸಿನ ಸ್ವಭಾವದಲ್ಲಿಲ್ಲ, ಒಳಗೆ ಬೆಳೆಯುವ ಇನ್ನೊಂದು ಜೀವದ ಸಂಬಂಧದಲ್ಲಿದೆ ಎಂಬಷ್ಟರ ಮಟ್ಟಿಗೆ ಮಾತ್ರ ಅವರ ದಿಕ್ಕು ಸರಿಯಾಗಿತ್ತು.

ಶಮನೋಪಾಯಗಳ ವಿಷಯದಲ್ಲಿ ಹೇಳಬೇಕಾದುದು ಅಲ್ಪ. ಮಧ್ಯಕಾಲದ ಮತ್ತು ಆಮೇಲಿನ ಸಂಗ್ರಹಗ್ರಂಥಗಳಲ್ಲಿ ಕೊತ್ತುಂಬರಿ ಬೀಜವನ್ನು ಅರೆದು ಅಕ್ಕಿ ತೊಳೆದ ನೀರು, ಸಕ್ಕರೆಗಳೊಡನೆ ಕೊಡುವ ಯೋಗವು ಬರುತ್ತದೆ. ಅರಳಿನ ನೀರಿನ ಪ್ರಸ್ತಾವವೂ ಉಂಟು. ಇಂದಿನ ಪರೀಕ್ಷೆಗಳಲ್ಲಿ ಸಾಧಾರಣ ಓಕರಿಕೆಗೆ ಶುಂಠಿಯು ಸ್ವಲ್ಪ ಗುಣಕಾರಿಯೆಂದು ಕಂಡುಬಂದಿದೆ. ಸ್ವಲ್ಪಸ್ವಲ್ಪವಾಗಿ ಅನೇಕ ಸಲ ಉಣ್ಣುವುದು, ಹೊಟ್ಟೆಯನ್ನು ಬರಿದಾಗಿ ಬಿಡದಿರುವುದು, ಒಗ್ಗದ ವಾಸನೆಯಿಂದ ದೂರವಿರುವುದು ಇವು ಎಲ್ಲರಿಗೂ ಹೇಳುವ ಪಥ್ಯ. ನೀರು ಕೂಡ ನಿಲ್ಲದೆ, ಮೈ ಇಳಿದು, ಮೂತ್ರವು ಕಡಿಮೆಯಾದರೆ ಅದನ್ನು ಬಯಕೆಯೆಂದು ಮನೆಯಲ್ಲಿ ಸುಮ್ಮನೆ ಬಿಡತಕ್ಕುದಲ್ಲ. ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು.