ಮೊದಲಿಗೇ ಮರಳುವ ಎಳೆ

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ರಸ್ತೆಯಲ್ಲಿ, ತಮಿಳುನಾಡಿನ ಗಡಿಗೆ ಸಮೀಪದಲ್ಲಿ ಪುಣಜನೂರು ಇದೆ. ಆ ಕಡೆಯ ಊರುಗಳಲ್ಲಿ ಹೆಣ್ಣುಮಕ್ಕಳು ಸಾರಿಸಿದ ಅಂಗಳದಲ್ಲಿ ಚುಕ್ಕಿಯಿಟ್ಟು, ಚುಕ್ಕಿಯನ್ನು ಮುಟ್ಟದೆ ಸುತ್ತಲೂ ಎಳೆ ಬಳಸಿ ರಂಗೋಲಿ ಬಿಡುವುದನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ನಮಗೆ ಅದು ಎಳೆ ರಂಗೋಲಿ. ತಮಿಳರಿಗೆ ಸಿಕ್ಕು ಕೋಲಂ.

ಒಮ್ಮೆ ಗಣಿತದ ನೋಟ್‌ಪುಸ್ತಕದ ಹಿಂಬದಿಯಲ್ಲಿ ಇಂಥ ರಂಗೋಲಿ ತುಂಬಿಸಿದ್ದ ಹುಡುಗಿಯೊಬ್ಬಳನ್ನು, "ಇದೇನಮ್ಮ, ಗಣಿತವೇ?" ಎಂದು ಗದರಿದೆ. ಅವಳು ತಲೆ ತಗ್ಗಿಸಿಯೇ ಹೇಳಿದಳು: "ಮೂರಕ್ಕೆ ಮೂರು ಚುಕ್ಕಿ ಇಟ್ರೆ ಒಂದೇ ಎಳೇಲಿ ಮುಗಿಯಲ್ಲ ಸಾರ್. ಮೂರಕ್ಕೆ ನಾಕು ಇಟ್ರೆ ಮುಗೀತದೆ." ನಾನು ಕಾರಣ ಕೇಳಲಿಲ್ಲ. ಕೇಳಿದ್ದರೂ ನನಗೆ ಉತ್ತರ ಗೊತ್ತಿರಲಿಲ್ಲ.

ನಿವೃತ್ತಿಯ ನಂತರದ ಓದಿನಲ್ಲಿ ಆ ಪ್ರಶ್ನೆ ಬಹು ದೂರದ ಐರ್ಲೆಂಡಿನಿಂದ ತಿರುಗಿ ಬಂತು. ಕ್ರಿ.ಶ. 800ರ ಸುಮಾರಿಗೆ ಕ್ರೈಸ್ತ ಸನ್ಯಾಸಿಗಳು ಕರುವಿನ ಚರ್ಮದ ಹಾಳೆಗಳ ಮೇಲೆ ಬರೆದ 'ಬುಕ್ ಆಫ್ ಕೆಲ್ಸ್' ಈಗ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿದೆ. ಅದರ ಪುಟಗಳಲ್ಲಿ ಎಳೆಗಳು ಒಂದರ ಮೇಲೊಂದು, ಒಂದರ ಕೆಳಗೊಂದು ಹಾಯ್ದು ಹೆಣೆದುಕೊಂಡಿವೆ. ನಮ್ಮ ನಾಗರಕಲ್ಲಿನ ಜೋಡಿ ಸರ್ಪಗಳಂತೆ. ಈ ಕೆಲ್ಟಿಕ್ ಹೆಣಿಗೆಯನ್ನು ಸಾಮಾನ್ಯರೂ ಹಂತಹಂತವಾಗಿ ಬರೆಯಬಹುದೆಂದು 1951ರ ತಮ್ಮ ಪುಸ್ತಕದಲ್ಲಿ ತೋರಿಸಿದವರು ಸ್ಕಾಟ್ಲೆಂಡಿನ ಜಾರ್ಜ್ ಬೇನ್. ಅವರೂ ಶಾಲೆಯ ಚಿತ್ರಕಲಾ ಮೇಷ್ಟ್ರು ಎಂಬುದು ನನಗೆ ವಿಶೇಷ ಸಂತೋಷ ಕೊಟ್ಟಿತು.

ಎಳೆ ಚುಕ್ಕಿಗಳ ನಡುವೆ ಓರೆಯಾಗಿ ಸಾಗಿ, ಅಂಚು ಸಿಕ್ಕಿದಲ್ಲಿ ಬಳಸಿ ಒಳಕ್ಕೆ ತಿರುಗುತ್ತದೆ. ಹೀಗೆ ಚೌಕ ಅಥವಾ ಆಯತದ ಚುಕ್ಕಿಗಳನ್ನೆಲ್ಲ ಸುತ್ತಲು ಎಷ್ಟು ಎಳೆ ಬೇಕು? ಸಾಲು ಮತ್ತು ಕಂಬಸಾಲುಗಳ ಸಂಖ್ಯೆಗಳ ಮ.ಸಾ.ಅ. ಎಷ್ಟೋ ಅಷ್ಟು! ಮೂರು ಮತ್ತು ಮೂರಕ್ಕೆ ಮೂರು ಎಳೆ. ಮೂರು ಮತ್ತು ನಾಲ್ಕಕ್ಕೆ ಒಂದೇ. ಹೆಚ್ಚು ಎಳೆ ಬಂದರೆ, ಬೇರೆ ಬೇರೆ ಎಳೆಗಳು ಕೂಡುವ ಒಂದು ಅಡ್ಡಹಾಯಿಕೆಯನ್ನು ಬಿಡಿಸಿ ಪಕ್ಕಪಕ್ಕಕ್ಕೆ ತಿರುಗಿಸಿದರೆ ಅವೆರಡೂ ಒಂದಾಗುತ್ತವೆ. ಐರಿಷ್ ಹೆಣಿಗೆಗೂ ಇದೇ ಲೆಕ್ಕ. ಅಂಗೋಲಾದ ಚೋಕ್ವೆ ಜನ ಮರಳಿನಲ್ಲಿ ಬರೆಯುವ ಚಿತ್ರಗಳಿಗೂ ಇದೇ ಲೆಕ್ಕವೆಂದು ಮೊಜಾಂಬಿಕ್‌ನಲ್ಲಿ ಗಣಿತ ಕಲಿಸುತ್ತಿದ್ದ ಪೌಲಸ್ ಗೆರ್ಡೆಸ್ ವಿವರಿಸಿದರು. ನಮ್ಮ ನೆರೆಯಲ್ಲೇ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ ಮತ್ತು ಕಮಲಾ ಕೃತಿವಾಸನ್ 1974ರಲ್ಲಿ ಕೋಲಂ ಕುರಿತು ಗಣಿತ ಪ್ರಬಂಧ ಪ್ರಕಟಿಸಿದ್ದರು.

ಸನ್ಯಾಸಿಗಳ ಹೆಣಿಗೆ ಚರ್ಮದ ಮೇಲೆ ಹನ್ನೆರಡು ಶತಮಾನ ಉಳಿದಿದೆ. ನಮ್ಮ ತಾಯಂದಿರದು ಮರುದಿನದ ಪೊರಕೆಗೆ ಅಳಿಸಿಹೋಗುತ್ತದೆ. ಉಳಿಯುವುದು ಕೈಯಿಂದ ಕೈಗೆ ಮಾತ್ರ. ಆ ಕೈಯನ್ನು ನಾನು ಗದರಿ ತಡೆದಿದ್ದೆ.

ಈ ಬರಹ ಆ ಹುಡುಗಿಯ ಕಣ್ಣಿಗೆ ಬಿದ್ದರೆ ಹೇಳುವುದಿಷ್ಟೇ: ಹೌದಮ್ಮ, ಅದು ಗಣಿತವೇ. ತಪ್ಪು ನನ್ನದು. ನಿನ್ನ ಮಕ್ಕಳಿಗೂ ಅದನ್ನು ಕಲಿಸು.