ಶೀರೂರು ಮಠದ ವಂತಿಗೆ ಮತ್ತು ಮೂರು ಲ್ಯಾಟಿನ್ ಪದ

'ಕ್ವಿಡ್ ಪ್ರೊ ಕ್ವೊ' ಅಂದರೆ ಕೊಟ್ಟದ್ದಕ್ಕೆ ಪ್ರತಿಯಾಗಿ ಪಡೆಯುವುದು. ನಿಘಂಟು ಇಷ್ಟು ಹೇಳಿ ಸುಮ್ಮನಾಗುತ್ತದೆ. ನನಗೆ ಈ ಮಾತು ಗಂಟುಬಿದ್ದದ್ದು ಉಡುಪಿಯ ಶೀರೂರು ಮಠದ ಮೊಕದ್ದಮೆಯಲ್ಲಿ. 1954ರ ಮಾರ್ಚ್ 16ರ ಸುಪ್ರೀಂ ಕೋರ್ಟ್ ತೀರ್ಪು, ಬರೆದವರು ನ್ಯಾಯಮೂರ್ತಿ ಬಿ.ಕೆ. ಮುಖರ್ಜಿಯಾ. ಧಾರ್ಮಿಕ ಸ್ವಾತಂತ್ರ್ಯದ ತೀರ್ಪೆಂದೇ ಎಲ್ಲರೂ ಓದುವುದು. ನಾನು ತೆಗೆದದ್ದೂ ಅದಕ್ಕೇ. ಆದರೆ ಕೊನೆಕೊನೆಗೆ ದುಡ್ಡಿನ ಮಾತು ಬಂತು.

ಆಗ ಉಡುಪಿ ಮದ್ರಾಸ್ ರಾಜ್ಯಕ್ಕೆ ಸೇರಿತ್ತು. ಕೃಷ್ಣನ ಪೂಜೆಯ ಸರದಿಯಾದ ಪರ್ಯಾಯದ ಖರ್ಚಿನಿಂದ ಮಠ ಸಾಲದಲ್ಲಿತ್ತು. 1951ರ ದತ್ತಿ ಕಾಯ್ದೆಯ 76ನೇ ಕಲಮಿನ ಪ್ರಕಾರ ಧಾರ್ಮಿಕ ಸಂಸ್ಥೆಗಳು ಆದಾಯದ ಶೇ. 5ರವರೆಗೆ ಸರ್ಕಾರಕ್ಕೆ ವಂತಿಗೆ ಕೊಡಬೇಕಿತ್ತು. ಇದು ನಮ್ಮ ಸೇವೆಗೆ ಶುಲ್ಕ ಅಂತ ಸರ್ಕಾರದ ವಾದ. ಕೋರ್ಟು ಒಪ್ಪಲಿಲ್ಲ. ತೆರಿಗೆ ಕಟ್ಟಿದವನು ಅದಕ್ಕೆ ಪ್ರತಿಯಾಗಿ ಇಂಥದು ಕೊಡಿ ಅಂತ ಕೇಳುವಂತಿಲ್ಲ, ಶುಲ್ಕ ಕಟ್ಟಿದವನಿಗೆ ಏನಾದರೂ ಸಿಗಬೇಕು, ಅದೇ ಕ್ವಿಡ್ ಪ್ರೊ ಕ್ವೊ ಎಂಬುದು ಕೋರ್ಟಿನ ತರ್ಕ. ಮಠದ ಹಣವೋ ನೇರ ರಾಜ್ಯದ ಸಂಚಿತ ನಿಧಿಗೆ ಹೋಗುತ್ತಿತ್ತು. ಸೇವೆಯ ಖರ್ಚಿಗೂ ಅದಕ್ಕೂ ತಾಳೆಯೇ ಇಲ್ಲ. ಹಾಗಾದರೆ ಇದು ತೆರಿಗೆ, ಅದನ್ನು ಹಾಕುವ ಅಧಿಕಾರ ರಾಜ್ಯಕ್ಕಿಲ್ಲ. ಕಲಂ ಬಿದ್ದುಹೋಯಿತು. ತಮಾಷೆಯೆಂದರೆ, ಅದೇ ದಿನ ಒಡಿಶಾದ ಮಹಂತರೊಬ್ಬರ ಮೊಕದ್ದಮೆಯಲ್ಲಿ ಇಂಥದೇ ವಂತಿಗೆ ಉಳಿದುಕೊಂಡಿತು. ಅಲ್ಲಿ ಹಣಕ್ಕೆ ಪ್ರತ್ಯೇಕ ನಿಧಿ ಇತ್ತು.

ಪದದ ಬೆನ್ನು ಹತ್ತಿದೆ. ಕೋರ್ಟಿನಿಂದ ಅದು ನನ್ನನ್ನು ಔಷಧದಂಗಡಿಗೆ ಕರೆದೊಯ್ದಿತು! 16ನೇ ಶತಮಾನದ ಇಂಗ್ಲಿಷಿನಲ್ಲಿ ಅದು ಮೊದಲು ಕಾಣುವುದು ಒಂದು ಮದ್ದಿನ ಬದಲು ಇನ್ನೊಂದನ್ನು ಹಾಕುವುದಕ್ಕೆ. ಗ್ರೀಕ್ ವೈದ್ಯ ಗ್ಯಾಲೆನ್ ಹೆಸರಿನಲ್ಲಿ ಇಂಥ ಬದಲಿಗಳ ಪಟ್ಟಿಯೇ ಚಾಲ್ತಿಯಲ್ಲಿತ್ತು. ನಮ್ಮ ಪಂಡಿತರಿಗೂ ಇದು ಹೊಸದಲ್ಲ: ಕಾಕೋಲಿ ಸಿಗದಿದ್ದರೆ ಅಶ್ವಗಂಧ, ಮೇದಾ ಸಿಗದಿದ್ದರೆ ಶತಾವರಿ, ಆಯುರ್ವೇದ ಇವನ್ನು ಪ್ರತಿನಿಧಿ ದ್ರವ್ಯ ಎನ್ನುತ್ತದೆ. ಬದಲಿ ತಪ್ಪಿದರೆ ರೋಗಿಯ ಗತಿ? ಫ್ರೆಂಚರ 'ಕಿಪ್ರೊಕೊ' ಇವತ್ತಿಗೂ ಎಡವಟ್ಟು, ಒಂದನ್ನು ಇನ್ನೊಂದೆಂದು ತಿಳಿಯುವುದು ಎಂಬರ್ಥದಲ್ಲೇ ಇದೆ. ಕೊಡು-ಕೊಳ್ಳುವಿಕೆ ಎಂಬುದು ಇಂಗ್ಲಿಷಿನಲ್ಲಿ ಆಮೇಲೆ ಗಟ್ಟಿಯಾದ ಅರ್ಥ.

ಮತ್ತೆ ತೀರ್ಪಿಗೆ ಬಂದಾಗ ಮದ್ರಾಸ್ ಸರ್ಕಾರದ ವಾದ ಬೇರೆಯಾಗಿಯೇ ಕಂಡಿತು. ಶುಲ್ಕ ಅಂತ ಚೀಟಿ ಅಂಟಿಸಿದ ಡಬ್ಬಿಯಲ್ಲಿ ಅವರು ಇಟ್ಟದ್ದು ತೆರಿಗೆಯನ್ನು.