ಕ್ಯಾಸನೂರು ಕಾಡಿನ ಕಾಣದ ರೋಗಾಣು

ನಮ್ಮದು ಶಿಕಾರಿಪುರ, ಅಜ್ಜಿಯ ತವರು ಸೊರಬದ ಕಡೆ. ಬೇಸಿಗೆ ರಜೆಗೆ ಹೋದಾಗಲೆಲ್ಲ ಅಜ್ಜಿಯದ್ದು ಒಂದೇ ಮಾತು: "ಮಂಗ ಸತ್ತು ಬಿದ್ದ ಕಡೆ ಕಾಲಿಡಬೇಡ ಪುಟ್ಟಾ." ಅಜ್ಜಿಯ ಅಣ್ಣ ಸೌದೆಗೆಂದು ಕಾಡಿಗೆ ಹೋಗಿ ಬಂದು, ಜ್ವರ ಹಿಡಿದು ತೀರಿಕೊಂಡರಂತೆ. ಯಾರೋ ಡಾಕ್ಟರು ಬಂದು ಅವರ ರಕ್ತ ತೆಗೆದುಕೊಂಡು ಹೋದರಂತೆ. ಆ ಸೀಸೆ ಎಲ್ಲಿಗೆ ಹೋಯಿತು, ಅದರಲ್ಲಿ ಏನು ಹುಡುಕಿದರು? ಬೆಂಗಳೂರಿಗೆ ಬಂದು ಕೋಡ್ ಕುಟ್ಟತೊಡಗಿದ ಮೇಲೆ ಈ ಪ್ರಶ್ನೆ ತಲೆಗೆ ಹತ್ತಿತು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು, ಸುತ್ತಲ ಹಳ್ಳಿಗಳ ಜನರಿಗೂ ಜ್ವರ. ಏಷ್ಯಾದಲ್ಲಿ ಎಂದೂ ಕಾಣದ ಹಳದಿ ಜ್ವರ ಬಂತೇ ಎಂಬ ಭಯ. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ (ಈಗಿನ ಎನ್‌ಐವಿ) ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಸಂಗಡಿಗರು ಬಂದರು.

ಕೆಲವು ರೋಗಾಣು ಹಿಡಿಯುವುದು ಸುಲಭ. ಮಿದುಳಿನ ಪೊರೆಗೆ ಉರಿಯೂತ ತರುವ ಕ್ರಿಪ್ಟೋಕಾಕಸ್ ಎಂಬ ಯೀಸ್ಟ್ ಇದೆ. ರೋಗಿಯ ಬೆನ್ನುಹುರಿಯ ನೀರಿಗೆ ಒಂದು ಹನಿ ಇಂಡಿಯಾ ಇಂಕ್ ಬೆರೆಸಿದರೆ, ಶಾಯಿಯ ಕಣ ಅದರ ಕವಚದೊಳಗೆ ನುಗ್ಗಲಾರದೆ, ಕಪ್ಪಿನ ನಡುವೆ ಬಿಳಿ ಉಂಗುರ ಕಾಣುತ್ತದೆ. ಸಾಮಾನ್ಯ ಸೂಕ್ಷ್ಮದರ್ಶಕ ಸಾಕು. ವೈರಸ್ಸಿನ ಹತ್ತಿರ ಈ ಆಟ ನಡೆಯಲ್ಲ, ಅದು ಅಷ್ಟು ಸಣ್ಣದು.

ಹಾಗಾಗಿ ಸುತ್ತು ದಾರಿ. ಮಂಗದ ಅಂಗಾಂಶ ಅಥವಾ ರೋಗಿಯ ರಕ್ತವನ್ನು ಎಳೆಯ ಬಿಳಿ ಇಲಿಮರಿಗಳ ಮಿದುಳಿಗೆ ಚುಚ್ಚಿ ಕಾಯುವುದು. ಮರಿಗಳು ಕಾಯಿಲೆ ಬಿದ್ದರೆ ಅವುಗಳ ಮಿದುಳಿನಿಂದ ಇನ್ನಷ್ಟು ಮರಿಗಳಿಗೆ. ದಾಟಿದಷ್ಟೂ ಕಾಯಿಲೆ ಮುಂದುವರಿದರೆ ಒಳಗೆ ಬೆಳೆಯುವಂಥದ್ದೇನೋ ಇದೆ ಎಂದರ್ಥ. (ಸೋರ್ಸ್ ಕೋಡ್ ಇಲ್ಲದೆ ಬರೀ ಲಾಗ್ ನೋಡಿ ಬಗ್ ಹಿಡಿದ ಹಾಗೆ! ಇಲಿಮರಿಗಳ ಪಾಡು ಬೇರೆ.) ಕಾಡಿನ ಉಣ್ಣಿಗಳನ್ನು ಅರೆದು ಚುಚ್ಚಿಯೂ ಇದೇ ವೈರಸ್ ಹಿಡಿದರು, ಮುಖ್ಯ ಆರೋಪಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣ್ಣಿ. ಈ ಕೆಲಸದಲ್ಲಿ ಪ್ರಯೋಗಾಲಯದ ಸಿಬ್ಬಂದಿಗೂ ರೋಗ ತಗುಲಿತು.

ಪ್ರತಿಕಾಯಗಳ ಪರೀಕ್ಷೆಯಲ್ಲಿ ಇದು ಹಳದಿ ಜ್ವರವಲ್ಲ, ರಷ್ಯಾದ ವಸಂತ-ಬೇಸಿಗೆ ಮಿದುಳು ಜ್ವರದ ವೈರಸ್ಸಿನ ದಾಯಾದಿ ಎಂದು ಗೊತ್ತಾಯಿತು. ಸರಿ, ಆ ರೋಗದ ಲಸಿಕೆಯನ್ನೇ ನಮ್ಮ ಜನಕ್ಕೆ ಹಾಕಿ ನೋಡಿದರು. ಕೆಲಸ ಮಾಡಲಿಲ್ಲ. ಸಂಬಂಧ ಪತ್ತೆ ಮಾಡಿದ ಪರೀಕ್ಷೆ ತಪ್ಪಲ್ಲ. ಸಂಬಂಧವಿದ್ದರೆ ರಕ್ಷಣೆಯೂ ಸಿಕ್ಕೀತು ಎಂಬ ಆಸೆ ತಪ್ಪಾಯಿತು.

ಮುಂದೆ ಕೋಳಿ ಭ್ರೂಣದ ಜೀವಕೋಶಗಳಲ್ಲಿ ಕ್ಯಾಸನೂರು ವೈರಸ್ಸನ್ನೇ ಬೆಳೆಸಿ, ಫಾರ್ಮಲಿನ್‌ನಲ್ಲಿ ನಿಷ್ಕ್ರಿಯಗೊಳಿಸಿದ ಲಸಿಕೆ ಬಂತು. 1990ರಿಂದ ಮಲೆನಾಡಿನಲ್ಲಿ ಹಾಕುತ್ತಿದ್ದ ಅದನ್ನೂ, ರಕ್ಷಣೆ ಸಾಲದೆಂದು 2022ರಲ್ಲಿ ನಿಲ್ಲಿಸಿದರು.

ಸಾಗರ, ತೀರ್ಥಹಳ್ಳಿ ಕಡೆಯವರು ಇದ್ದೀರಾ? ನಿಮ್ಮ ಮನೆ ಹಿರಿಯರು ಈ ಮಂಗನ ಕಾಯಿಲೆ ಬಗ್ಗೆ ಏನು ಹೇಳುತ್ತಿದ್ದರು, ಬರೆಯಿರಿ.